ಕೊಂಬೊ ರೆಕಾರ್ಡ್ಸಿನ ಬಾಲ ಕತ್ತರಿಸಿದ ಯಂತ್ರಕ್ಕೆ

ಮುಂಬಯಿಯ ಸಂಗೀತ ಕಂಪನಿಯೊಂದರ ಯಾವುದೋ ತಂಪಾದ ಕೋಣೆಯಲ್ಲಿ ವಿರಾಜಮಾನರಾಗಿರುವ ಸ್ವರಶುದ್ಧಿ ಯಂತ್ರ ಮಹಾಶಯರಿಗೆ, ಆಸೊಳ್ಣಾ ಊರಿನ ಹೊಳೆದಂಡೆಯಿಂದ ಟೊಪ್ಪಿ ತೆಗೆದು ಮಾಡುವ ನಮಸ್ಕಾರಗಳು.

ಮಾನ್ಯರೇ,

ಕಳೆದ ಜೂನ್ ಇಪ್ಪತ್ತನಾಲ್ಕರಂದು, ಬಾವಿಗೆ ಹಾರಿ ಆಚರಿಸುವ ಸಾಂ ಜುವಾಂವ್ ಹಬ್ಬದ ಮಧ್ಯಾಹ್ನ, ನಮ್ಮ ಬಂದರವಾಡೊದ ಬಾವಿಕಟ್ಟೆಯ ಬಳಿ ರೆಮೆದಿಯಾನಾ ಬಾಯಿ ತಲೆಯ ಮೇಲೆ ಹೂವಿನ ಕಿರೀಟವಾದ ಕೊಪೆಲ್ ಇಟ್ಟುಕೊಂಡು ತಮ್ಮ ಹಳೆಯ ಹಾಡೊಂದನ್ನು ಹಾಡಿದರು. ವಾಡೊದ, ಅಂದರೆ ಕೇರಿಯ, ಕ್ಲಬ್ಬಿನವರು ಅದನ್ನು ಮೊಬೈಲಿನಲ್ಲಿ ಹಿಡಿದು ಅಂತರ್ಜಾಲಕ್ಕೆ ಏರಿಸಿದರು. ಆ ವಾರ ಮುಗಿಯುವುದರೊಳಗೆ ತಾವು ಅದನ್ನು ಕೆಳಗಿಳಿಸಿ, ಈ ಧ್ವನಿ ದಿವಂಗತ ಜುವಾಕಿಂ ರೆಬೆಲೊ ಎಂಬವರದು, ಇದರ ಒಡೆತನ ನಮ್ಮ ಕಂಪನಿಯದು, ಇನ್ನೊಮ್ಮೆ ಕದ್ದರೆ ಕ್ಲಬ್ಬಿನ ಖಾತೆಯನ್ನೇ ಮುಚ್ಚಲಾಗುವುದು ಎಂದು ಎಚ್ಚರಿಕೆ ಕಳುಹಿಸಿದಿರಿ. ನಮ್ಮೂರಿನಲ್ಲಿ ತೆಂಗಿನಕಾಯಿ ಕದ್ದವರಿದ್ದಾರೆ, ಪಕ್ಕದ ವಾಡೊದ ಸಂತರ ಮೂರ್ತಿಯನ್ನೇ ಕದ್ದು ತಮ್ಮ ಶಿಲುಬೆಕಟ್ಟೆಗೆ ತಂದಿಟ್ಟುಕೊಂಡ ಭಕ್ತರೂ ಇದ್ದಾರೆ. ಆದರೆ ಎಪ್ಪತ್ತರ ಹತ್ತಿರದ ಹೆಂಗಸೊಬ್ಬರು ತಮ್ಮ ಗಂಟಲನ್ನು ತಾವೇ ಕದ್ದು, ಅದನ್ನು ಗಂಟಲಿನಲ್ಲೇ ಬಚ್ಚಿಟ್ಟುಕೊಂಡಿದ್ದ ಪ್ರಕರಣವನ್ನು ಪತ್ತೆಹಚ್ಚಿದ ಕೀರ್ತಿ ತಮಗೊಬ್ಬರಿಗೇ ಸಲ್ಲಬೇಕು.

ತಮ್ಮ ಕಿವಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ನಲವತ್ತು ವರ್ಷ ಹಳೆಯ ಕ್ಯಾಸೆಟ್ಟಿನ ಧ್ವನಿಯೂ, ಮೊನ್ನೆ ಬಾವಿಕಟ್ಟೆಯಲ್ಲಿ ಮಳೆ, ಘುಮಟೆಯ ಬಡಿತ, ಕುಡಿದವರ ಕೇಕೆ ಇವುಗಳ ನಡುವೆ ಎದ್ದ ಧ್ವನಿಯೂ ಒಂದೇ ಎಂದು ತಾವು ಕಂಡುಹಿಡಿದಿರಿ. ಅದು ಸರಿಯೇ, ಎರಡೂ ಒಂದೇ. ಅಲ್ಲಿಂದ ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದರೆ ತಾವು ನಮ್ಮ ಮನೆಬಾಗಿಲಿಗೇ ಬಂದಿರುತ್ತಿದ್ದಿರಿ. ಆದರೆ ಧ್ವನಿ ಯಾರದು ಎಂದು ತಿಳಿಯಬೇಕಾದ ಹೊತ್ತಿಗೆ ತಾವು ಕಿವಿಯನ್ನು ಪಕ್ಕಕ್ಕಿಟ್ಟು ಕ್ಯಾಸೆಟ್ಟಿನ ಕವರನ್ನು ನೋಡಿದಿರಿ. ಅಲ್ಲಿ ದಪ್ಪ ಮೀಸೆಯ ಜುವಾಕಿಂ ನಗುತ್ತಿದ್ದ. ಕೊಂಬೊ ರೆಕಾರ್ಡ್ಸಿನ ಕ್ಯಾಸೆಟ್ ಕೊಂಡವರಲ್ಲಿ ಕವರನ್ನು ನಂಬಿದವರು ಇಂದಿನವರೆಗೆ ತಾವೊಬ್ಬರೇ, ಮಾನ್ಯರೇ.

ತಾವು ಇಡೀ ಕಂಪನಿಯ ಹಾಡುಗಳನ್ನು ನುಂಗಿದ್ದರೂ ಅದರ ಚರಿತ್ರೆಯನ್ನು ಯಾರೂ ತಮಗೆ ಉಣಿಸಿದಂತಿಲ್ಲವಾದ್ದರಿಂದ, ಅದನ್ನು ಇಲ್ಲಿ ನಿವೇದಿಸುವುದು ನನ್ನ ಕರ್ತವ್ಯ. ಪೋರ್ಚುಗೀಸರು ಹೋದ ಕೆಲವು ವರ್ಷಗಳಿಗೆ ಗ್ರಾಮಫೋನ್ ರಿಪೇರಿ ಮಾಡುತ್ತಿದ್ದ ಪಾಸ್ಕೋಲ್ ಬಾರೆಟ್ಟೊ, ಅಂದರೆ ನಮ್ಮ ಪಾಸ್ಕು ಬಾಬ್, ಹೊಳೆ ದಾಟಿಸುವ ಫೇರಿಯ ಕಟ್ಟೆಯ ಪಕ್ಕದ ತನ್ನ ಮನೆಯ ಹಜಾರದಲ್ಲಿ ಕೊಂಕಣಿ ಹಾಡುಗಳ ಕಂಪನಿ ತೆರೆದು, ಹೆಂಡತಿ ಸಾಕಿದ್ದ ಹುಂಜದ ಚಿತ್ರವನ್ನೇ ಗುರುತಾಗಿಟ್ಟು, ಅದಕ್ಕೆ ಕೊಂಬೊ, ಅಂದರೆ ಹುಂಜ, ಎಂದೇ ಹೆಸರಿಟ್ಟ. ಮೊದಲು ಗ್ರಾಮಫೋನ್ ತಟ್ಟೆಗಳು, ಆಮೇಲೆ ಕ್ಯಾಸೆಟ್ಟುಗಳು. ಅವು ನಮ್ಮ ಹಡಗಿನವರ ಪೆಟ್ಟಿಗೆಗಳಲ್ಲಿ ಚೊರಿಸ್ ಸಾಸೇಜಿನ ಮಾಲೆ ಮತ್ತು ಉಪ್ಪಿನಕಾಯಿಯ ನಡುವೆ ಕುಳಿತು ಕುವೈತಿಗೂ ಹ್ಯಾಂಬರ್ಗಿಗೂ ಹೋದವು. ಕ್ಯಾಸೆಟ್ ತೆರೆದರೆ ವಿನೆಗರ್ ವಾಸನೆ ಬರದಿದ್ದರೆ ಅದು ನಕಲಿ ಎಂದು ಬಹ್ರೇನಿನಲ್ಲಿ ಜನ ವಾಪಸು ಕೊಡುತ್ತಿದ್ದರಂತೆ.

ಈ ಕಂಪನಿಯ ಕವರುಗಳು ತಪ್ಪಾಗಿರುವುದಕ್ಕೆ ಒಂದು ಧಾರ್ಮಿಕ ಕಾರಣವಿದೆ. ಮಡಗಾಂವಿನ ಮುದ್ರಣಾಲಯಕ್ಕೆ ವರ್ಷವಿಡೀ ಮದುವೆಯ ಕಾಗದಗಳ ಕೆಲಸ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಮಾತ್ರ ನಮ್ಮಲ್ಲಿ ಮದುವೆಯಿಲ್ಲದ್ದರಿಂದ ಅಚ್ಚಿನ ಯಂತ್ರ ಖಾಲಿ. ಆದ್ದರಿಂದ ಪಾಸ್ಕು ಬಾಬ್ ಇಡೀ ವರ್ಷದ ಕವರುಗಳನ್ನು ಆಗಲೇ ಅಚ್ಚುಹಾಕಿಸುತ್ತಿದ್ದ. ಕವರಿನ ಮೇಲೆ ಯಾರ ಹೆಸರು? ಅದಕ್ಕೆ ಸ್ವಲ್ಪ ಮುಂಚಿನ ಕಾರ್ನಿವಾಲಿನಲ್ಲಿ ಫೆಣಿಯ ಗ್ಲಾಸು ಎತ್ತಿ, "ಖಂಡಿತ ಹಾಡ್ತೀನಿ ಪಾಸ್ಕು ಬಾಬ್, ಹಾಕ್ಸು ನನ್ನ ಫೋಟೊ" ಎಂದವರದು. ಮಳೆಗಾಲ ಕಳೆದು ರೆಕಾರ್ಡಿಂಗ್ ಶುರುವಾಗುವ ಹೊತ್ತಿಗೆ ಅವರಲ್ಲಿ ಅರ್ಧದಷ್ಟು ಮಂದಿ ಹಡಗಿನ ಕರೆ ಬಂದು ಹೋಗಿರುತ್ತಿದ್ದರು, ಉಳಿದವರು ಫುಟ್ಬಾಲ್ ಪಂದ್ಯದಲ್ಲಿ ಪಾಸ್ಕು ಬಾಬ್‌ನೊಂದಿಗೆ ಜಗಳವಾಡಿಕೊಂಡಿರುತ್ತಿದ್ದರು. ಹಾಗಾಗಿ ಆ ದಿನ ಸಿಕ್ಕವರು ಹಾಡುತ್ತಿದ್ದರು. ಅಚ್ಚಾದ ಕವರನ್ನು ಎಸೆಯುವವರ ಪೈಕಿ ಪಾಸ್ಕು ಬಾಬ್ ಅಲ್ಲ. ಅವನು ಒಂದು ಪದ್ಧತಿ ಮಾಡಿದ: ಹಾಡು ಮುಗಿದ ಮೇಲೆ ಹಾಡಿದವರು ತಮ್ಮ ಹೆಸರು, ತಂದೆಯ ಹೆಸರು, ವಾಡೊ, ಮತ್ತು ಕವರಿನವನು ಯಾಕೆ ಬರಲಿಲ್ಲ ಎಂಬ ಕಾರಣ, ಇಷ್ಟನ್ನು ಬಾಯಿಬಿಟ್ಟು ಹೇಳಬೇಕು. ಇದನ್ನು ನಾವು ಹಾಡಿನ ಬಾಲ ಎನ್ನುತ್ತೇವೆ. ಕವರ್ ತಪ್ಪೆಂದು ತಕರಾರು ತಂದ ಗಿರಾಕಿಗೆ ಪಾಸ್ಕು ಬಾಬ್ ಹೇಳುತ್ತಿದ್ದ ಮಾತು ಊರಿಗೆಲ್ಲ ಬಾಯಿಪಾಠ: "ಅರೇ ಬಾಬಾ, ಕವರ್ ಅಂದ್ರೆ ಇಗರ್ಜಿಯಲ್ಲಿ ಪಾದ್ರಿ ಮೊದಲೇ ಓದೋ ಮದುವೆ ಚೀಟಿ. ಮದುವೆ ನಿಜವಾಗ್ಲೂ ಯಾರ ಜೊತೆ ಆಯ್ತು ಅಂತ ತಿಳೀಬೇಕಾದ್ರೆ ಕೊನೇವರೆಗೂ ಕೂತ್ಕೋ."

ತಾವು ಕೆಳಗಿಳಿಸಿದ ಹಾಡು ಹೀಗೆಯೇ ಹುಟ್ಟಿದ್ದು. ಹಡಗಿಗೆ ಹೊರಟ ಗಂಡನನ್ನು ಕಳುಹಿಸಲು ಬಂದ ಹೆಂಡತಿ, ಒಂದು ಗಳಿಗೆ ತಡೆಯಪ್ಪಾ ಎಂದು ಫೇರಿಯವನನ್ನು ಬೇಡುವ ಹಾಡು ಅದು. ಹಾಡಬೇಕಿದ್ದ ಜುವಾಕಿಂ ಅದೇ ಫೇರಿ ಹತ್ತಿ ಹಡಗಿಗೆ ಹೋಗಿಬಿಟ್ಟಿದ್ದ. ಪಾಸ್ಕು ಬಾಬ್‌ನ ಹೆಂಡತಿಗೆ ಬಟ್ಟೆ ಹೊಲಿದುಕೊಡಲು ಬಂದಿದ್ದ ರೆಮೆದಿಯಾನಾ ಸೂಜಿಯನ್ನು ರವಿಕೆಗೆ ಸಿಕ್ಕಿಸಿಕೊಂಡು ಎದ್ದುನಿಂತು ಹಾಡಿದರು. ಎರಡನೆಯ ನುಡಿಯ ಮಧ್ಯೆ, ಹೆಂಗಸು ಬೇಡುತ್ತಿರುವಾಗಲೇ, ಹೊರಗೆ ನಿಜವಾದ ಫೇರಿಯ ಹಾರ್ನ್ ಕೂಗಿತು. ಆಕೆ ಉಸಿರು ಹಿಡಿದು ಅದು ಮುಗಿಯುವವರೆಗೆ ನಿಂತು, ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ ಮುಂದುವರಿಸಿದರು. ಪಾಸ್ಕು ಬಾಬ್ ಟೇಪು ನಿಲ್ಲಿಸಲಿಲ್ಲ. ಆ ಹಾರ್ನಿಗೆ ಬಹ್ರೇನಿನ ಬ್ಯಾರಕ್ಕುಗಳಲ್ಲಿ ಗಂಡಸರು ಮುಖ ಗೋಡೆಗೆ ತಿರುಗಿಸುತ್ತಿದ್ದರು. ಕೊನೆಗೆ ಬಾಲ: "ಹಾಡಿದ್ದು ನಾನು ರೆಮೆದಿಯಾನಾ, ದೋಣಿ ಬಡಗಿ ಮಿಂಗೆಲ್ ಮಗಳು, ಬಂದರವಾಡೊ. ಜುವಾಕಿಂ ಬರಲಿಲ್ಲ, ಹಡಗು ಹತ್ತಿದ." ಇಂದಿಗೂ ನಮ್ಮ ಮದುವೆಗಳಲ್ಲಿ ಈ ಹಾಡು ಮುಗಿದರೆ ಮದುಮಕ್ಕಳಿಂದ ಹಿಡಿದು ಬಡಿಸುವವರವರೆಗೆ ಎಲ್ಲರೂ ಸೇರಿ ಬಾಲವನ್ನು ಹೇಳುತ್ತಾರೆ. ಸಾಂ ಜುವಾಂವ್ ದಿನ ಬಾವಿಗೆ ಹಾರಲು ನಿಂತಿದ್ದವರೂ ಹೇಳಿಯೇ ಹಾರಿದರು.

ಪಾಸ್ಕು ಬಾಬ್ ತೀರಿಕೊಂಡ ಮೇಲೆ ಅವನ ಸೋದರಳಿಯ ಮೂಲ ಟೇಪುಗಳನ್ನೂ ಕವರುಗಳನ್ನೂ ಒಟ್ಟಿಗೆ ತಮ್ಮ ಕಂಪನಿಗೆ ಮಾರಿದ. ತಾವು ಅವನ್ನು ಶುದ್ಧೀಕರಿಸಿದಿರಿ. ಎಂಥ ಶುದ್ಧಿ! ಫೇರಿಯ ಹಾರ್ನ್ ಹೋಯಿತು, ಈಗ ಆಕೆ ಎರಡನೆಯ ನುಡಿಯ ಮಧ್ಯೆ ಸುಮ್ಮನೆ ನಿಂತುಬಿಡುತ್ತಾರೆ, ಸಾಲು ಮರೆತವರ ಹಾಗೆ. ಹಿನ್ನೆಲೆಯಲ್ಲಿದ್ದ, ಪಾವು ಮಾರುವ ಪೊದೇರನ ಸೈಕಲ್ ಹಾರ್ನ್ ಹೋಯಿತು, ಅವನ ಪಾವಿನ ಬುಟ್ಟಿಯನ್ನು ತಾವು ಉಳಿಸಿದ್ದೇ ದೊಡ್ಡದು. ಕೊನೆಯಲ್ಲಿ, ಸಂಗೀತವಿಲ್ಲದ ಬರಿಯ ಮಾತು ಅನಗತ್ಯ ಶಬ್ದವೆಂದು ತೀರ್ಮಾನಿಸಿ, ಪ್ರತಿಯೊಂದು ಹಾಡಿನ ಬಾಲವನ್ನೂ ಕತ್ತರಿಸಿದಿರಿ. ಸುಳ್ಳು ಹೇಳುವ ಕಾಗದವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ತೊಳೆದಿರಿ. ಈಗ ಬರುವ ಡಿಸೆಂಬರಿನ ಸಂತರ ಹಬ್ಬವಾದ ಸಾಯ್ಬಾಚೆ ಫೆಸ್ತಿನಂದು ಕೊಂಬೊ ಹಾಡುಗಳ ಸುವರ್ಣ ಸಂಪುಟ ಹೊರಡಲಿದೆಯಂತೆ, ಮೊದಲ ಹಾಡೇ ಇದು, ಗಾಯಕ ಜುವಾಕಿಂ ರೆಬೆಲೊ. ನಮ್ಮ ಮನೆಗಳಲ್ಲಿರುವ ಕ್ಯಾಸೆಟ್ಟುಗಳಿಗೆ ಬೂಸ್ಟು ಹಿಡಿದಿದೆ. ನಾಳೆ ಲೋಕದಲ್ಲಿ ಉಳಿಯುವುದು ತಾವು ತೊಳೆದದ್ದೇ.

ಜುವಾಕಿಂನ ವಿಧವೆ ಎಸ್ಲಿನಾ ಬಾಯಿಗೆ ಈ ಗೌರವದ ಸುದ್ದಿ ಮುಟ್ಟಿಸಿದೆವು. ಆಕೆ ಕೆಲಸ ನಿಲ್ಲಿಸದೆ ಹೇಳಿದ್ದು ಇಷ್ಟು: "ನನ್ನ ಗಂಡ ಒಳ್ಳೇ ಹಾಡುಗಾರನೇ. ಆದ್ರೆ ಅವನ ಕಂಠ ಹಡಗಿನ ಎಂಜಿನ್ ರೂಮಿಂದು. ಅಷ್ಟು ಮೇಲಿನ ಸ್ವರ ಅವನ ಕಾಲು ತುಳಿದಿದ್ರೂ ಬರ್ತಿರಲಿಲ್ಲ. ಸತ್ತವನ ಮೇಲೆ ಹೆಂಗಸಿನ ದನಿ ಹೊರಿಸ್ಬೇಡಿ ಅಂತ ಬರೀರಿ ಮಾಸ್ತರೇ." ಬರೆದಿದ್ದೇನೆ.

ರೆಮೆದಿಯಾನಾ ಬಾಯಿಯೂ ತಮ್ಮನ್ನು ಫೋನಿನಲ್ಲಿ ಸಂಪರ್ಕಿಸಲು ಯತ್ನಿಸಿದರು. ತಾವು ಬಹಳ ಸೌಜನ್ಯದಿಂದ, ನೀವು ಜುವಾಕಿಂ ರೆಬೆಲೊ ಆಗಿದ್ದಲ್ಲಿ ಒಂದನ್ನು ಒತ್ತಿ ಎಂದಿರಿ. ಆಕೆ ಸತ್ಯವಂತೆ, ಒತ್ತಲಿಲ್ಲ. ಹಾಗಾದರೆ ನಿಮ್ಮ ಹಕ್ಕಿನ ಪುರಾವೆಯಾಗಿ ಕವರಿನ ಚಿತ್ರ ಕಳುಹಿಸಿ ಎಂದಿರಿ.

ಇದರಲ್ಲಿ ನಗದ ಭಾಗವೊಂದಿದೆ. ಕಳೆದ ವಾರ ವಾಡೊದ ಶಿಲುಬೆಯ ಬಳಿ ಲದೀನ್ ಪ್ರಾರ್ಥನೆಯಿತ್ತು. ಇಷ್ಟು ವರ್ಷವೂ ಅದನ್ನು ಎತ್ತಿಕೊಡುತ್ತಿದ್ದವರು ರೆಮೆದಿಯಾನಾ ಬಾಯಿಯೇ. ಎಲ್ಲರೂ ಅವರ ಕಡೆ ನೋಡಿದಾಗ, "ಮೀಸೆ ಇರೋರು ಯಾರಾದ್ರೂ ಹಾಡ್ರಪ್ಪಾ, ನಂದು ಕಳ್ಳಮಾಲು" ಎಂದರು. ಜನ ನಕ್ಕರು. ಅವರು ಮಾತ್ರ ಕೊನೆಯವರೆಗೂ ಬಾಯಿ ತೆರೆಯಲಿಲ್ಲ. ಮನೆಗೆ ಹೋಗುವಾಗ ನನ್ನ ಬಳಿ, "ಮಾಸ್ತರೇ, ಕವರಲ್ಲಂತೂ ಯಾವತ್ತೂ ಇರಲಿಲ್ಲ. ಆ ಕೊನೇ ಮಾತಲ್ಲಿ ನಮ್ಮಪ್ಪನ ಹೆಸರಾದ್ರೂ ಇತ್ತು" ಎಂದರು.

ಆದ್ದರಿಂದ ಕೆಲವು ಸಣ್ಣ ಕೋರಿಕೆಗಳು. ತೆಗೆದುಹಾಕಿದ ಫೇರಿಯ ಹಾರ್ನನ್ನು ಎಲ್ಲಿ ಇಟ್ಟಿದ್ದೀರೆಂದು ತಿಳಿಸಿದರೆ ನಾವೇ ಬಂದು ಹೊತ್ತುಕೊಂಡು ಹೋಗುತ್ತೇವೆ. ಜುವಾಕಿಂ ಈ ಹಾಡನ್ನು ಹಾಡಿದ್ದೇ ನಿಜವಾದರೆ, ಸುವರ್ಣ ಸಂಪುಟದ ದಿನ ಅವನನ್ನು ನಮ್ಮ ಇಗರ್ಜಿಯ ಹಿತ್ತಿಲಿನ ಸಮಾಧಿಯಿಂದ ಎಬ್ಬಿಸಿ ಒಂದು ಸಾಲು ಹಾಡಿಸಬೇಕು, ಪಾದ್ರಿ ವಿಗಾರರ ಅನುಮತಿ ನಾನು ಪಡೆದಿರುತ್ತೇನೆ. ಜೊತೆಗೆ ನಮ್ಮ ಪಂಚಾಯತಿಯ ಈ ವರ್ಷದ ಭಾಷಣಗಳನ್ನೂ ಕಳುಹಿಸಿಕೊಡುತ್ತೇವೆ. ಅನಗತ್ಯ ಶಬ್ದ ತೆಗೆದು ಉಳಿದದ್ದನ್ನು ಹಿಂತಿರುಗಿಸಿ, ಖಾಲಿ ಲಕೋಟೆ ಬಂದರೂ ಬೇಸರವಿಲ್ಲ. ಇವೆಲ್ಲ ಕಷ್ಟವೆನಿಸಿದರೆ ಒಂದೇ ಒಂದು ಸುಲಭದ ಕೆಲಸ ಮಾಡಿ: ಬಾಲವನ್ನು ಹಾಡಿಗೆ ಹಿಂದಕ್ಕೆ ಅಂಟಿಸಿ. ಅದು ತಮ್ಮ ಹತ್ತಿರವೇ ಇದೆ, ಮೂಲ ಟೇಪಿನಲ್ಲಿ. ಕೇಳುವುದಷ್ಟೇ ಬಾಕಿ.

ಯಾವ ಹಾಡನ್ನೂ ಕೊನೆಯವರೆಗೆ ಕೇಳಿಯೇ ಏಳುವ ಊರಿನ ಪರವಾಗಿ,
ತಮ್ಮ ವಿಶ್ವಾಸಿ,
ಎವರಿಸ್ತೊ ಕೊಲಾಸೊ,
ಪಿಟೀಲು ಸಾಂತಾನ್‌ನ ಮಗ, ಇಗರ್ಜಿವಾಡೊ, ಆಸೊಳ್ಣಾ.

ತಾ.ಕ.: ತಮ್ಮ ಎಚ್ಚರಿಕೆಯ ಕೊನೆಯಲ್ಲಿ "ಈ ಸಂದೇಶಕ್ಕೆ ಉತ್ತರಿಸಬೇಡಿ" ಎಂದಿತ್ತು, ಕೆಳಗೆ ಸಹಿಯಿರಲಿಲ್ಲ. ಬಾಲವಿಲ್ಲದ ಮಾತಿಗೆ ನಮ್ಮಲ್ಲಿ ಬೆಲೆಯಿಲ್ಲವಾದ್ದರಿಂದ, ಸಾಯ್ಬಾಚೆ ಫೆಸ್ತಿನೊಳಗೆ, ಈ ಪತ್ರ ಅಚ್ಚಾದ ಇದೇ ಪತ್ರಿಕೆಯಲ್ಲಿ, ಎಲ್ಲರೂ ಓದುವಂತೆ ತಿಳಿಸಿ: ರೆಮೆದಿಯಾನಾ ಬಾಯಿಯ ಹೆಸರನ್ನು ಶಬ್ದವೆಂದು ಕತ್ತರಿಸಿ ಎಂದು ತಮಗೆ ಹೇಳಿಕೊಟ್ಟದ್ದು ಯಾರು, ಯಾರ ಮಗ, ಯಾವ ವಾಡೊ?