ಡಬ್ಬಿಯ ಮೇಲಿನ ಹಕ್ಕಿ

ಎಣ್ಣೆ ಕಾಯುವಷ್ಟು ಹೊತ್ತು ಜನ ಸುಮ್ಮನೆ ನಿಲ್ಲುವುದಿಲ್ಲ. ಏನಾದರೊಂದು ನಡೆದೇ ನಡೆಯುತ್ತದೆ. ನಮ್ಮ ಕಡೆಯವರು ಗಡಿ ದಾಟಿ ದುಡಿಯಲು ಬರುವ ವೆರ್ಣಾದ ಕಾರ್ಖಾನೆಗಳ ರಸ್ತೆಯಲ್ಲಿ, ಕಂಪನಿ ಬಸ್ಸುಗಳು ನಿಲ್ಲುವ ತಿರುವಿನಲ್ಲಿ ನನ್ನ ಮಿರ್ಚಿ ಭಜಿ ಗಾಡಿ. ಅದಕ್ಕಿಂತ ಮೊದಲು ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊರುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಯಾರ ಮುಂದೆಯೂ ಕೈ ಚಾಚದೆ ಈ ಗಾಡಿ ನಿಲ್ಲಿಸಿದೆ. ಅಕ್ಷರವನ್ನೂ ಯಾರೂ ಕಲಿಸಲಿಲ್ಲ. ಕನ್ನಡವನ್ನು ಭಜಿ ಕಟ್ಟುವ ಹಳೆಯ ಪೇಪರಿನಿಂದ, ಇಂಗ್ಲಿಷನ್ನು ಬಸ್ಸಿನ ಬೋರ್ಡುಗಳಿಂದ ಕಲಿತೆ. ಆಮೇಲೆ ಒಂದು ದಿನ ಪ್ರಾಣಿಗಳನ್ನೂ ಓದತೊಡಗಿದೆ. ಅದರಿಂದ ನಕ್ಕದ್ದು ಬಹಳ. ಕಳೆದುಕೊಂಡದ್ದು ಒಬ್ಬ ಬಸ್ ಡ್ರೈವರನ್ನು ಮಾತ್ರ.

ರದ್ದಿಯಲ್ಲಿ ಬಂದವರು

ಭಜಿ ಕಟ್ಟಲು ರದ್ದಿ ತರಿಸುತ್ತಿದ್ದೆ. ಒಂದು ಸಲ ಬೀಚಿನ ಕಡೆಯ ಯಾವುದೋ ಗೆಸ್ಟ್ ಹೌಸಿನ ರದ್ದಿ ಬಂತು. ಚೀಲ ಸುರುವಿದರೆ ಪೇಪರಿನ ನಡುವೆ ಒಂದು ಚಂದದ ಡಬ್ಬಿ. ಅದರ ಮುಚ್ಚಳ ಕಳಚಿ ಒಳಗಿನ ದಪ್ಪ ರಟ್ಟಿನ ಎಲೆಗಳೆಲ್ಲ ಇಸ್ಪೀಟಿನ ಹಾಗೆ ರಾಶಿಯಲ್ಲಿ ಚೆಲ್ಲಿದ್ದವು.

ಆಗ ಗಾಡಿಯ ಮುಂದೆ ಇದ್ದವರು ಡ್ರೈವರ್. ಕಂಪನಿ ಬಸ್ಸು ಓಡಿಸುತ್ತಿದ್ದರು. ಗದಗಿನ ಕಡೆಯವರು, ಹೆಂಡತಿಯನ್ನು ಕಳೆದುಕೊಂಡವರು. ವೆರ್ಣಾದಲ್ಲಿ ಎಲ್ಲರೂ ನನ್ನನ್ನು ಅಕ್ಕಾ ಅನ್ನುತ್ತಿದ್ದರು. ಇವರೊಬ್ಬರು ಮಾತ್ರ ಏನೂ ಅನ್ನುತ್ತಿರಲಿಲ್ಲ. ಬರೀ ‘ನೋಡ್ರಿಲ್ಲೆ.’

“ನೋಡ್ರಿಲ್ಲೆ, ಭಟ್ಟಿ ಅಲುಗಾಡಾಕತ್ತೈತಿ. ಎಣ್ಣಿ ಮೈಮ್ಯಾಲೆ ಬೀಳ್ತೈತಿ,” ಅಂದರು.

“ಅದು ಮೊದಲಿಂದ ಹಂಗ. ನಂಗ ರೂಢಿ ಐತಿ.”

ನನ್ನ ರೂಢಿಯನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಣಲೆ ಇಳಿಸಿ, ಇಬ್ಬರು ಸೇರಿ ಎತ್ತುವ ಕಬ್ಬಿಣದ ಭಟ್ಟಿಯನ್ನು ಟವೆಲ್ ಸುತ್ತಿದ ಒಂದೇ ಕೈಯಲ್ಲಿ ಎತ್ತಿದರು. ರದ್ದಿಯಿಂದ ಸಿಕ್ಕದ್ದೊಂದನ್ನು ಮಡಚಿ ಕಾಲಿನ ಕೆಳಗೆ ತುರುಕಿದರು. ಭಟ್ಟಿ ದೇವರ ಹಾಗೆ ಗಟ್ಟಿಯಾಗಿ ನಿಂತಿತು. ನಾನು ಥ್ಯಾಂಕ್ಸ್ ಅನ್ನಲಿಲ್ಲ. ಒಂದು ಮಿರ್ಚಿ ಹೆಚ್ಚಿಗೆ ಹಾಕಿದೆ.

ಆಮೇಲೆ ಎಲೆಗಳನ್ನು ಆರಿಸಿದೆ. ಒಂದೊಂದರ ಮೇಲೂ ಒಂದು ಪ್ರಾಣಿಯ ಚಿತ್ರ. ಚುಕ್ಕೆ ಹುಲಿ, ಗರಿ ಇರುವ ಹಾವು, ಗೂಬೆ, ಆಮೆ, ಮೊಲ, ನಾಯಿ. ಡಬ್ಬಿಯ ಮೇಲೆ ಮಾತ್ರ ಒಂದು ಹಸಿರು ಹಕ್ಕಿ, ಸೂಜಿಯಂಥ ಕೊಕ್ಕು, ನಮ್ಮ ಸೂರಕ್ಕಿಯ ಹಾಗೆ. ಅಕ್ಷರ ಕೂಡಿಸಿ ಅಜ್ಟೆಕ್ ಅಂತ ಓದಿದೆ. ಅರ್ಥವಾಗಲಿಲ್ಲ. ಬೆಳಗಾವಿಯ ಕಡೆಯ ಸೂಪರ್‌ವೈಸರ್ ಒಬ್ಬರು ಹೇಳಿದರು: “ಮೆಕ್ಸಿಕೋ ದೇಶದ ಹಳೇ ಮಂದಿ ಅವ್ರು. ಸೂರ್ಯನ್ನ, ಹಾವನ್ನ ಪೂಜಿ ಮಾಡ್ತಿದ್ರು. ಅವರ ಹೆಸರ ಮ್ಯಾಲೆ ಭವಿಷ್ಯ ಹೇಳೋ ಎಲಿ ಇವು.”

ಭಜಿಗೆ ಕಾದಿದ್ದ ಹೆಣ್ಣುಮಗಳೊಬ್ಬಳು ಕೇಳಿಸಿಕೊಂಡು ಅಂದಳು: “ಹಾವು ಪೂಜಿ ಮಾಡ್ತಾರಂದ್ರ ನಮ್ಮವರ ಅವ್ರು. ಯಾವ ತಾಲೂಕಂತ ಕೇಳ್ರಿ.”

ಎಲ್ಲರಿಗೂ ಹಾವು

ನಮ್ಮೂರ ಸಂತೆಯಲ್ಲಿ ಗಿಳಿ ಎಲೆ ಎತ್ತುತ್ತಿತ್ತು. ನನ್ನ ಹತ್ತಿರ ಗಿಳಿ ಇರಲಿಲ್ಲ. ಗಿರಾಕಿಯೇ ಕಲಸಿ ಗಿರಾಕಿಯೇ ಎತ್ತಲಿ ಅಂದೆ. ಅರ್ಥ ಹೇಳುವುದು ಮಾತ್ರ ನನ್ನ ಕೆಲಸ. ಪುಸ್ತಕವೇನೂ ಇರಲಿಲ್ಲ, ಆದರೆ ನಾಯಿ ಏನು ಮಾಡುತ್ತದೆ, ಮೊಲ ಯಾವ ಕಡೆ ಓಡುತ್ತದೆ ಅನ್ನುವುದಕ್ಕೆ ಪುಸ್ತಕ ಯಾಕೆ ಬೇಕು?

ನಾಗರ ಪಂಚಮಿ ಬಂತು. ಕಾರ್ಖಾನೆ ಕಟ್ಟುವವರು ವೆರ್ಣಾದ ಹುತ್ತಗಳನ್ನೆಲ್ಲ ಜೆಸಿಬಿಯಿಂದ ಸಪಾಟು ಮಾಡಿದ್ದರು. ಹಾಲು ಎರೆಯಲು ನಮ್ಮ ಹೆಣ್ಣುಮಕ್ಕಳಿಗೆ ಹುತ್ತವೇ ಸಿಗಲಿಲ್ಲ. ಬೆಳಿಗ್ಗೆ ಬಂದು ನೋಡಿದರೆ ನನ್ನ ಗಾಡಿಯ ಮುಂದೆ ತಂಬಿಗೆಗಳ ಸಾಲು.

“ಅಕ್ಕಾರ, ಆ ನಾಗಪ್ಪನ ಎಲಿ ತಗೀರಿ. ಕಂಪನಿ ಬಸ್ ಬರೋದ್ರಾಗ ಹಾಲೆರದ ಹೋಗ್ತೇವಿ.”

ಬೇಡ ಅನ್ನಲು ಬಾಯಿ ಬರಲಿಲ್ಲ. ಮೆಕ್ಸಿಕೋದ ನಾಗಪ್ಪ ಹಾಲು, ಅರಿಷಿಣ, ಜೋಳದ ಅಳ್ಳು ಎಲ್ಲವನ್ನೂ ಕುಡಿದು ರೊಟ್ಟಿಯ ಹಾಗೆ ಉಬ್ಬಿದ. ಒಣಗಿಸಿದರೂ ಇಳಿಯಲಿಲ್ಲ. ಮುಂದೆ ಯಾರು ಎಲೆ ಎತ್ತಿದರೂ ಬೆರಳಿಗೆ ಮೊದಲು ತಾಗುವುದು ಅವನೇ. ಬಡ್ತಿ ಕೇಳಿದವನಿಗೆ ಹಾವು, ಗಂಡು ಕೂಸು ಕೇಳಿದವಳಿಗೆ ಹಾವು, ಹಲ್ಲು ನೋವು ಕೇಳಿದವನಿಗೂ ಹಾವು. ಕೊನೆಗೆ ಭಟ್ಟಿಯ ಪಕ್ಕದ ದೊಡ್ಡ ಕಲ್ಲಿನ ಕೆಳಗೆ ಇಟ್ಟು ಅವನ ಹೊಟ್ಟೆ ಇಳಿಸಿದೆ. ದೇವರನ್ನು ಕಲ್ಲಿನ ಮೇಲೆ ಇಡುವುದನ್ನು ನೋಡಿದ್ದೇನೆ. ಕಲ್ಲಿನ ಕೆಳಗೆ ಇಟ್ಟವಳು ನಾನೊಬ್ಬಳೇ ಇರಬೇಕು.

ಡ್ರೈವರರ ಪ್ರಶ್ನೆ

ಡ್ರೈವರ್ ಬಹಳ ದಿನ ಎಲೆಗಳನ್ನು ದೂರದಿಂದ ನೋಡಿದರು. ಒಂದು ಸಂಜೆ ಬಸ್ ಖಾಲಿ ಮಾಡಿ ಬಂದು, ಚಹಾ ಆರುವವರೆಗೂ ಕಪ್ಪು ಹಿಡಿದು ನಿಂತು, ಅಂದರು: “ನೋಡ್ರಿಲ್ಲೆ, ಒಬ್ರನ್ನ ಒಂದು ಮಾತು ಕೇಳಬೇಕಂತ ಅದೀನಿ. ಕೇಳ್ಲೋ ಬ್ಯಾಡೋ, ಎಲಿ ನೋಡಿ ಹೇಳ್ರಿ.”

ಆ ಒಬ್ಬರು ಯಾರು ಅಂತ ಅವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಲ್ಲೆ ಅನ್ನುವ ಮನಸ್ಸು ನನಗಿರಲಿಲ್ಲ. ಆದರೆ ಅಷ್ಟು ವರ್ಷ ಒಬ್ಬಳೇ ನಿಂತವಳು ಒಂದು ಬಾಣಲೆ ಭಜಿ ಬೇಯುವುದರೊಳಗೆ ಹೂಂ ಅನ್ನಬೇಕೆ? ನಮ್ಮ ಕಡೆ ದೇವರನ್ನೂ ಹೂವು ಇಟ್ಟು ಕೇಳುತ್ತಾರೆ. ಬಲಗಡೆ ಬಿದ್ದರೆ ಹೌದು. ಅದಕ್ಕೂ ಒಂದಿಷ್ಟು ಹೊತ್ತು ಕಾಯುತ್ತಾರೆ.

“ಡಬ್ಬಿ ಮ್ಯಾಲಿನ ಹಕ್ಕಿ ಬರ್ಲಿ,” ಅಂದೆ. “ಅದು ಬಂದ ದಿನಾ ಕೇಳ್ರಿ.”

ವಾರದೊಳಗೆ ಬರುತ್ತದೆ ಅಂತ ನನ್ನ ಲೆಕ್ಕ. ಅವರು ಎಲೆ ಎತ್ತಿದರು. ಆಮೆ.

“ಸಾವಕಾಶ ಅನ್ನಾಕತ್ತೈತಿ,” ಅಂತ ತಲೆಯಾಡಿಸಿ ಹೋದರು. ಸಾವಕಾಶ ಅನ್ನುವುದನ್ನು ಅವರಿಗೆ ಆಮೆ ಹೇಳಬೇಕಾಗಿರಲಿಲ್ಲ. ಅವರ ಬಸ್ಸಿನಲ್ಲಿ ಹೋಗುವವರು ಮೊದಲೇ ಭಜಿ ತಿಂದು ಹತ್ತುತ್ತಿದ್ದರು, ಇಳಿಯುವ ಹೊತ್ತಿಗೆ ಮತ್ತೆ ಹಸಿದಿರುತ್ತಿದ್ದರು.

ಮೇಸ್ತ್ರಿಯ ಗೂಗಿ

ಗೂಬೆಗೆ ನಮ್ಮ ಕಡೆ ಗೂಗಿ ಅನ್ನುತ್ತೇವೆ. ಅದರ ಹೆಸರನ್ನು ಮುಂಜಾನೆ ಯಾರೂ ಎತ್ತುವುದಿಲ್ಲ. ಕಟ್ಟಡದ ಕೆಲಸದ ಮೇಸ್ತ್ರಿಯೊಬ್ಬ ಮುಂಜಾನೆಯೇ ಬಂದು ಎಲೆ ಎತ್ತಿದ. ಗೂಗಿ. ಬೆವರು ಒರೆಸಿಕೊಂಡು, “ಇವತ್ತು ಯಾರೂ ಸೈಟಿನ ಕಡೆ ಕಾಲಿಡಬ್ಯಾಡ್ರಿ,” ಅಂದ. ಕೂಲಿಯವರಿಗೆಲ್ಲ ರಜೆ. ಒಬ್ಬ ಮೇಲಿನಿಂದ ಬಿದ್ದಿದ್ದರೆ ಗತಿ ಏನು ಅಂತ ಪಗಾರನ್ನೂ ಕೊಟ್ಟ.

ಮರುದಿನ ಕೂಲಿಯವರೆಲ್ಲ ಒಟ್ಟಾಗಿ ಬಂದರು. ದಣಿವಾರಿ ಮುಖ ತಿಳಿಯಾಗಿತ್ತು.

“ಅಕ್ಕಾ, ಸೋಮವಾರ ಮತ್ತ ಗೂಗಿ ಬರಂಗ ಜೋಡಸ್ರಿ. ಊರಿಗೆ ಹೋಗಿ ಬರೋರು ಇದ್ದೇವಿ.”

ನನಗೆ ಸಿಟ್ಟು ಬಂತು. ನಾನು ಬೆವರು ಸುರಿಸಿ ತಿಂದವಳು, ಮೋಸ ಮಾಡಿಯಲ್ಲ. ಎಲ್ಲರ ಎದುರಿಗೆ ಉರಿಯುವ ಭಟ್ಟಿ ಮುಟ್ಟಿ ಹೇಳಿದೆ: “ಈ ಎಲಿ ನಾ ಜೋಡಸಂಗಿಲ್ಲ, ಹುಡುಕಂಗಿಲ್ಲ, ತಿರುವಿ ನೋಡಂಗಿಲ್ಲ. ಕೈಯಾಗ ಬಂದದ್ದ ಖರೇ.”

ಭಟ್ಟಿ ಕಾದಿತ್ತು. ಬೆರಳಿಗೆ ಬೊಬ್ಬೆ ಬಂತು. ಕೂಲಿಯವನೊಬ್ಬ ಮೆಲ್ಲಗೆ ಅಂದ: “ಅಕ್ಕಾಗ ಇವತ್ತ ಗೂಗಿ ಬಂದೈತಿ.”

ಆಣೆ ಆಣೆಯೇ. ಹಸಿರು ಹಕ್ಕಿ ಒಳಗೆ ಎಲ್ಲಿ ಕೂತಿದೆ ಅಂತ ಹುಡುಕುವ ದಾರಿ ಅಂದಿಗೆ ಮುಚ್ಚಿತು.

ಚಾಚಾ ಚಿತ್ರ ನೋಡುವುದು

ಮುರ್ಮುಗಾಂವ್ ಬಂದರಿನಿಂದ ವೆರ್ಣಾಕ್ಕೆ ಮಾಲು ತರುವ ಲಾರಿಯ ಚಾಚಾ ಇದ್ದರು. ಬಾಗಲಕೋಟೆಯ ಕಡೆಯವರು, ಐದು ಹೊತ್ತು ನಮಾಜು ತಪ್ಪಿಸದವರು. “ಭವಿಷ್ಯ ಕೇಳೋದು ನಮ್ಮೊಳಗ ಪಾಪ, ಬೇಟಿ. ನಾ ಕೇಳಂಗಿಲ್ಲ. ಬರೇ ಚಿತ್ರಾ ನೋಡ್ತೇನಿ,” ಅನ್ನುತ್ತಿದ್ದರು. ಬಂದಾಗಲೆಲ್ಲ ಒಂದು ಚಿತ್ರ ನೋಡುತ್ತಿದ್ದರು. ಒಂದೇ. ಅದೂ ಕಣ್ಣು ಮುಚ್ಚಿ ಎತ್ತಿ.

ಒಮ್ಮೆ ಆಮೆ ಬಂತು. ನಾನು ಭಜಿ ತಿರುವುತ್ತಿದ್ದೆ. ಚಾಚಾ ಅದನ್ನೇ ನೋಡುತ್ತಾ ಕೂತು, ಎದ್ದು ಹೋಗಿ ಲಾರಿಯ ಸವೆದ ಹಿಂದಿನ ಟೈರು ಬದಲಿಸಿ ಬಂದರು.

“ಭವಿಷ್ಯ ಅಲ್ಲ ಬಿಡವಾ. ಚಿತ್ರಾ ಚಲೋ ಇತ್ತು.”

ಡ್ರೈವರರ ಕಥೆ ಚಾಚಾಗೂ ಗೊತ್ತಿತ್ತು. ಅಷ್ಟರಲ್ಲಿ ಎಷ್ಟೋ ಮಳೆಗಾಲ ಕಳೆದಿದ್ದವು. ಪಾಳಿ ಬದಲಾದರೂ ಡ್ರೈವರ್ ಎಲೆ ಎತ್ತುವುದು ತಪ್ಪಿರಲಿಲ್ಲ. ಉಳಿದ ಪ್ರಾಣಿಗಳೆಲ್ಲ ಬೀಗರ ಹಾಗೆ ಮತ್ತೆ ಮತ್ತೆ ಬಂದು ಹೋದವು. ಹಕ್ಕಿ ಮಾತ್ರ ಬರಲಿಲ್ಲ. ಅದು ನನ್ನಂತೆಯೇ ಹಟದ ಹಕ್ಕಿ, ಸುಮ್ಮನೆ ಬರುವುದಿಲ್ಲ, ಅದರಲ್ಲೊಂದು ಅರ್ಥವಿದೆ ಅಂದುಕೊಂಡೆ. ತಾನೇ ಓದಲು ಕಲಿತವರ ರೋಗ ಅದು. ಬೋರ್ಡು ಇಲ್ಲದ ಕಡೆಯೂ ಓದುತ್ತಾರೆ.

ಒಂದು ದಿನ ಚಾಚಾ ಕೇಳಿದರು: “ಎಲ್ಲಾ ಚಿತ್ರಾ ನೋಡೇನಿ ಬೇಟಿ. ಡಬ್ಬಿ ಮ್ಯಾಲಿನ ಹಕ್ಕಿ ಒಂದ ನೋಡಿಲ್ಲ. ಖರೇನ ಅದು ಒಳಗ ಐತೇನು?”

“ಡಬ್ಬಿ ಮ್ಯಾಲೆ ಇದ್ದದ್ದು ಡಬ್ಬಿಯೊಳಗ ಇರಂಗಿಲ್ಲೇನ್ರಿ ಚಾಚಾ?”

“ಬಿಸ್ಕೀಟ್ ಪುಡಾದ ಮ್ಯಾಲೆ ಕೂಸಿನ ಚಿತ್ರ ಇರ್ತೈತಿ. ಒಳಗ ಕೂಸು ಇರ್ತೈತೇನವಾ?”

ನಾನು ನಕ್ಕೆ. ಆಣೆ ಹಾಕಿದವಳು ಎಲೆ ತಿರುವಿ ನೋಡುವ ಹಾಗಿರಲಿಲ್ಲ.

ಹಕ್ಕಿ ಬಂದ ದಿನ

ಕಂಪನಿಯವರು ಡ್ರೈವರರ ಬಸ್ಸನ್ನು ದೂರದ ಕುಂಕಳ್ಳಿಯ ಕಾರ್ಖಾನೆಗೆ ಹಾಕಿದರು. ಕೊನೆಯ ಸಂಜೆ ಬಂದು ಎಲೆ ಎತ್ತಿದರು. ನಾಯಿ ಬಂತು.

“ನಾಯಿ ಅಂದ್ರ ಏನ್ರಿ?”

“ಬಾಗಲಾ ಕಾಯೋದು.”

ಎಲೆಯನ್ನು ಮೆಲ್ಲಗೆ ಡಬ್ಬಿಯ ಮೇಲೆ ಇಟ್ಟರು. ಆಮೇಲೆ ನೆಲ ನೋಡುತ್ತಾ ಕೇಳಿದರು: “ನೋಡ್ರಿಲ್ಲೆ, ಹಕ್ಕಿ ಬರಲಿಲ್ಲಂದ್ರೂ ಕೇಳಬಹುದೇನು?”

ಹೌದು ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಸಾಲಿನಲ್ಲಿದ್ದವರೆಲ್ಲ ಭಜಿ ಅಗಿಯುವುದು ನಿಲ್ಲಿಸಿ ನನ್ನ ಬಾಯಿ ನೋಡುತ್ತಿದ್ದರು.

“ಮೆಣಸಿನಕಾಯಿ ಹೊತ್ತಾಕತ್ತಾವು. ಸರೀರಿ,” ಅಂದೆ.

ಅವರು ಸರಿದರು.

ಮುಂದಿನ ಮಳೆಗಾಲಕ್ಕೆ ಗಾಡಿಯ ಹಲಗೆ ಕೊಳೆಯಿತು. ಬದಲಿಸಲು ಬಂದ ಬಡಿಗ ಭಟ್ಟಿಗೆ ಕೈ ಹಚ್ಚಿದ. ಇಬ್ಬರೂ ಸೇರಿ ಎತ್ತಿದೆವು. ಕಾಲಿನ ಕೆಳಗೆ ಎಣ್ಣೆ ಕುಡಿದು ಕಪ್ಪಾದ, ಮಡಚಿದ ರಟ್ಟೊಂದು ಅಂಟಿಕೊಂಡಿತ್ತು. ಬಿಸಿ ನೀರಿನಲ್ಲಿ ನೆನೆಸಿ ಬಿಚ್ಚಿದೆ. ಹಸಿರು ರೆಕ್ಕೆ, ಸೂಜಿಯಂಥ ಕೊಕ್ಕು. ಮೊದಲ ದಿನ ಡ್ರೈವರ್ ತಾವೇ ಮಡಚಿ ತುರುಕಿದ್ದು ಅದು. ಆ ಹಕ್ಕಿಯನ್ನು ಹೊತ್ತು ನಿಂತ ಭಟ್ಟಿಯ ಮುಂದೆಯೇ ಅವರು ಅಷ್ಟೂ ವರ್ಷ ಹಕ್ಕಿಗಾಗಿ ಕೈ ಚಾಚಿದ್ದರು. ಅದೇ ಭಟ್ಟಿ ಮುಟ್ಟಿ ನಾನು ಆಣೆ ಹಾಕಿದ್ದೆ.

ಹೊಸ ಹಲಗೆಯ ಮೇಲೂ ಭಟ್ಟಿ ಅಲುಗಾಡಿತು. ಬೇರೊಂದು ಎಲೆ ಮಡಚಿ ಇಟ್ಟು, ಹಕ್ಕಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕುಂಕಳ್ಳಿಯ ಬಸ್ಸು ಹತ್ತಿದೆ. ಅಲ್ಲಿ ಮೆಣಸಿನಕಾಯಿ ಚಲೋ ಸಿಗುತ್ತವೆ ಅಂತ ನನಗೆ ನಾನೇ ಹೇಳಿಕೊಂಡೆ.

ಕಾರ್ಖಾನೆಯ ಗೇಟಿನ ಹತ್ತಿರ, ತಮ್ಮ ಬಸ್ಸಿನ ನೆರಳಿನಲ್ಲಿ ಡ್ರೈವರ್ ರೊಟ್ಟಿ ತಿನ್ನುತ್ತಿದ್ದರು. ಪಕ್ಕದಲ್ಲಿ ಹೊಸ ಹಸಿರು ಬಳೆ ತೊಟ್ಟ ಹೆಣ್ಣುಮಗಳೊಬ್ಬಳು ಪಲ್ಯ ಬಡಿಸುತ್ತಿದ್ದಳು. ನನ್ನನ್ನು ಕಂಡು ಡ್ರೈವರ್ ಎದ್ದು ನಿಂತರು. “ನಮ್ಮ ಮನ್ಯಾಗಿನವರು,” ಅಂದರು. “ಅವ್ವ ಊರಾಗ ನೋಡಿ ಮಾಡಿದ್ಲು.”

ಆಕೆಯ ಮುಖ ಅರಳಿತು. “ಎಲಿ ನೋಡೋ ಅಕ್ಕಾರು ನೀವ ಏನ್ರಿ? ನಿಮ್ಮ ಸುದ್ದಿ ಭಾಳ ಹೇಳ್ತಾರ. ಬಂದೀರಿ, ನಂದೂ ಒಂದು ನೋಡ್ರಲಾ.”

ನನ್ನ ಹತ್ತಿರ ಇದ್ದದ್ದು ಒಂದೇ ಎಲೆ. ಕರವಸ್ತ್ರ ಬಿಚ್ಚಿ ಮುಂದೆ ಹಿಡಿದೆ. ಆಕೆ ಕಣ್ಣು ಮುಚ್ಚಿ, ದೇವರನ್ನು ನೆನೆದು, ಆ ಒಂದರಲ್ಲಿ ಒಂದನ್ನು ಆರಿಸಿ ಎತ್ತಿದಳು.

“ಹಕ್ಕಿ ಬಂತ್ರಿ. ಏನ್ ಅರ್ಥಾ?”

“ಇದು ಬಂದ್ರ ಮನಸಿನಾಗಿಂದು ಕೇಳಬೇಕಂತ ಅರ್ಥ.”

“ನಾ ಏನ್ ಕೇಳ್ಲ್ರಿ?”

“ನೀ ಕೇಳೋದು ಏನೂ ಉಳದಿಲ್ಲವಾ. ಎಲ್ಲಾ ಬಂದೈತಿ ನಿನಗ.”

ಆಕೆ ಸಂತೋಷದಿಂದ ಎಲೆಯನ್ನು ಗಂಡನ ಕೈಗೆ ಕೊಟ್ಟಳು. ಡ್ರೈವರ್ ಹಕ್ಕಿಯನ್ನು ನೋಡಿದರು. ಮಡಿಕೆಯ ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದರು. ನಡುವೆ ಭಟ್ಟಿಯ ಕಾಲು ಒತ್ತಿದ ಕಪ್ಪು ಗುರುತು ಇತ್ತು. ಅಲ್ಲಿ ಬೆರಳು ನಿಂತಿತು. ತಟ್ಟೆಯಲ್ಲಿ ರೊಟ್ಟಿ ಆರುತ್ತಿತ್ತು. ಆಕೆ ನಮ್ಮಿಬ್ಬರ ಮುಖವನ್ನೂ ನೋಡಿ, ನಗುತ್ತಲೇ ಕಾದಳು.

ಕೊನೆಗೆ ಡ್ರೈವರ್ ತಲೆ ಎತ್ತಿದರು. ಎಲ್ಲರೂ ಕರೆಯುವ, ಅವರು ಮಾತ್ರ ಅಷ್ಟು ವರ್ಷದಲ್ಲಿ ಒಮ್ಮೆಯೂ ಕರೆಯದ ಹೆಸರು ಅಂದು ಅವರ ಬಾಯಿಂದ ಬಂತು.

“ಭಟ್ಟಿ ಮತ್ತ ಅಲುಗಾಡಾಕತ್ತೈತೇನ್ರಿ, ಅಕ್ಕಾರ?”

“ಇಲ್ರಿ,” ಅಂದೆ. “ಈಗ ಅದರ ಕೆಳಗ ನಾಯಿ ಇಟ್ಟೀನಿ.”