ಕಾಯಿ ಸುಲಿಯೋ ರೋಬೋಟಿಗೆ ಗುರು ಯಾರು?

ನಾನು ಕಾಯಿ ಸುಲಿಯೋನು ಕಣ್ರೀ. ಹಾಲ್ಕುರಿಕೆ ಕಡೆ ಒಂದು ತೋಟದ ಕೊಬ್ಬರಿ ಶೆಡ್ಡಲ್ಲಿ ಮೂವತ್ತು ವರ್ಷದಿಂದ ಇದೇ ಕಸುಬು. ನಮ್ಮಂಥೋರಿಗೆ ಅವಮಾನ ಅನ್ನೋದು ಮನೆ ಹುಡುಕ್ಕೊಂಡು ಬರ್ತಾನೇ ಇರುತ್ತೆ. ಈ ಸಲ ಕಾರಲ್ಲಿ ಬಂತು.

ಇಂಜಿನಿಯರಿಂಗ್ ಕಾಲೇಜಿನ ಮೇಡಂ ಒಬ್ಬರು ಬಂದು, ಮನುಷ್ಯನ ಆಕಾರದ ರೋಬೋಟಿಗೆ ಕಾಯಿ ಸುಲಿಯೋದು ಕಲಿಸ್ತೀವಿ, ನೀವು ತೋರಿಸಿಕೊಡಿ ಅಂದರು. ತೋಟದ ಯಜಮಾನರು ಒಪ್ಪಿಬಿಟ್ಟರು. ನನ್ನನ್ನ ಯಾರು ಕೇಳ್ತಾರೆ? ಆದರೂ ಒಂದು ಕಂಡೀಷನ್ ಹಾಕಿದೆ. ಅದು ಕಲಿತ ದಿನ ಎಲ್ಲರ ಮುಂದೆ, ಇವರೇ ಇದರ ಗುರು ಅಂತ ಹೇಳಬೇಕು. "ಖಂಡಿತ" ಅಂದರು ಮೇಡಂ.

೧. ಬಲಗೈ ಒಂದು

ಮೊದಲ ದಿನವೇ ನನ್ನ ತೋಳು, ಹೆಗಲು, ಸೊಂಟಕ್ಕೆಲ್ಲ ವೈರು ಸುತ್ತಿದರು. ಶೆಡ್ಡಿನ ಮೂಲೆಮೂಲೆಗೂ ಕ್ಯಾಮೆರಾ, ಮೈಕು. ನೆಲಕ್ಕೆ ನೆಟ್ಟ ಸಲಾಕೆಗೆ ಕಾಯಿ ಚುಚ್ಚಿ ತಿರುವಿದೆ.

"ಎಷ್ಟು ಡಿಗ್ರಿ ತಿರುಗಿಸ್ತೀರಾ?" ಅಂದರು ಮೇಡಂ.

"ಸಿಪ್ಪೆ ಬಿಡೋವಷ್ಟು."

ಅದನ್ನ ಬರಕೊಳ್ಳಲೇ ಇಲ್ಲ. ಬಗ್ಗಿ ಅವರ ಪುಸ್ತಕ ನೋಡಿದರೆ, ನನ್ನ ಹೆಸರಿರಬೇಕಾದ ಕಡೆ 'ಬಲಗೈ ೧' ಅಂತಿದೆ. ಮೈಯೆಲ್ಲ ಉರಿದುಹೋಯ್ತು.

"ಮೇಡಂ, ಕಾಯಿ ಹಿಡ್ಕೊಂಡಿದ್ದು ಎಡಗೈ. ಅದು ಯಾರದು ಅಂತ ಬರೀತೀರಾ?"

"ಅದಕ್ಕೆ ಬೇರೆ ಪುಟ ಇದೆ" ಅಂದರು.

೨. ಬಿದ್ದೋರಲ್ಲೂ ಎರಡು ಜಾತಿ

ಆಮೇಲೆ ಒಂದಿನ ರೋಬೋಟು ಬಂತು. ತೋಟದಲ್ಲಿ ಎರಡು ಹೆಜ್ಜೆ ಇಟ್ಟು, ಸಿಪ್ಪೆ ಗುಡ್ಡೆ ಮೇಲೆ ಮಕಾಡೆ ಬಿತ್ತು. ನಾಲ್ಕು ಜನ ಓಡಿಬಂದು ಎತ್ತಿ, ಧೂಳು ಒರೆಸಿ, ಮೈ ಸವರಿದರು.

"ಬೀಳಲಿ ಬಿಡಿ, ಇದಕ್ಕೆ ನಾವು ಹಿಂಗೇ ಮಾಡು ಅಂತ ಬರೆದುಕೊಡಲ್ಲ" ಅಂದರು ಮೇಡಂ. "ನಮ್ಮ ಮೆದುಳಿನ ಥರ, ತಾನೇ ನೋಡಿ, ಕೇಳಿ, ಬಿದ್ದು ತಿದ್ದಿಕೊಳ್ಳುತ್ತೆ."

ಹೋದ ವರ್ಷ ಅದೇ ಗುಡ್ಡೆ ಮೇಲೆ, ಕಾಯಿ ಮೂಟೆ ಹೊತ್ತುಕೊಂಡು ನಾನೂ ಬಿದ್ದಿದ್ದೆ. ಯಜಮಾನರು ಕೂತಲ್ಲಿಂದಲೇ ಕೇಳಿದ್ದು ಒಂದೇ ಮಾತು. "ಕಾಯಿ ಒಡೀತೇನ್ಲಾ?"

೩. ಸೊಂಟ

ತಿಂಗಳೊಳಗೆ ಅದು ಕಲಿತಿದ್ದು ನಿಜ, ಸುಳ್ಳು ಯಾಕೆ ಹೇಳಲಿ. ಅಟ್ಟದಲ್ಲಿ ಒಣಗಿದ ಕಾಯಿ ಎತ್ತಿ, ಒಳಗೆ ಕೊಬ್ಬರಿ ಅಲ್ಲಾಡುತ್ತಾ ಅಂತ ನನ್ನ ಹಾಗೇ ಕಿವಿ ಹತ್ತಿರ ಅಲ್ಲಾಡಿಸಿ ನೋಡೋದು. ಅದಕ್ಕೆ ಕಿವಿಯೇ ಇಲ್ಲ, ಆ ಮಾತು ಬೇರೆ. ಹತ್ತು ಕಾಯಿ ಸುಲಿದ ಮೇಲೆ ನಿಂತು, ಹಿಂದಕ್ಕೆ ಬಾಗಿ, ಸೊಂಟಕ್ಕೆ ಟಣ್ ಟಣ್ ಅಂತ ಗುದ್ದಿಕೊಳ್ಳೋದು.

"ಅದಕ್ಕೇನು ಸೊಂಟನೋವಾ?" ಅಂದೆ.

"ನೀವು ಗುದ್ದಿಕೊಳ್ತೀರಲ್ಲ, ಅದೂ ಕೆಲಸದ ಭಾಗ ಅಂದ್ಕೊಂಡಿದೆ" ಅಂದರು ಮೇಡಂ.

ಮೂವತ್ತು ವರ್ಷ ಬಗ್ಗಿ ಬಗ್ಗಿ ನಾನು ಸಂಪಾದಿಸಿದ ನೋವು ಕಣ್ರೀ ಅದು. ಒಂದು ಮಾತು ಕೇಳದೆ ಎತ್ತಿಕೊಂಡುಬಿಟ್ಟಿದೆ. ಮನೆಗೆ ಹೋಗಿ ಕೂಗಾಡಿದೆ. ನಮ್ಮವಳು ಎಣ್ಣೆ ಬಟ್ಟಲು ತಂದಿಟ್ಟು, "ಅದನ್ನೂ ಕರ್ಕೊಂಡು ಬನ್ನಿ, ಇಬ್ಬರಿಗೂ ಒಟ್ಟಿಗೆ ತಿಕ್ಕಿಬುಡ್ತೀನಿ" ಅಂದಳು.

೪. ಹೆಸರು ಹೇಳಿದ ದಿನ

ಕೊನೆಗೆ ತೋರಿಸೋ ದಿನ ಬಂತು. ನಾನು ಇಸ್ತ್ರಿ ಶರ್ಟು ಹಾಕ್ಕೊಂಡು ಮುಂದೆ ನಿಂತಿದ್ದೆ. ಕಾಲೇಜಿನೋರು, ಅಕ್ಕಪಕ್ಕದ ತೋಟದೋರು ಎಲ್ಲ ಸೇರಿದ್ದರು. ಯಜಮಾನರ ಹಳೇ ಬೈಕು ಡಬಡಬ ಅಂತ ಬಂತು. ಬಂದಿದ್ದೇ ತಡ, ರೋಬೋಟು ಎದ್ದು ಸರಸರ ಸುಲಿಯೋಕೆ ಶುರು ಮಾಡ್ತು. ಒಂದು ಚಿಪ್ಪೂ ಸೀಳಲಿಲ್ಲ. ಯಜಮಾನರ ಮುಖ ಅರಳಿತು. ಎಲ್ಲರಿಗೂ ಟೀ ತಗೊಂಡು ಬಾ ಅಂತ ತಮ್ಮ ಅಳಿಯನಿಗೆ ಬೈಕ್ ಕೀ ಕೊಟ್ಟು ಹಾಲ್ಕುರಿಕೆಗೆ ಕಳಿಸಿದರು.

ಬೈಕಿನ ಸದ್ದು ತೋಟ ದಾಟಿ ಹೋಯ್ತು. ರೋಬೋಟು ಕೈಲಿದ್ದ ಕಾಯಿ ಮೆಲ್ಲಗೆ ಕೆಳಗಿಟ್ಟಿತು. ಸಿಪ್ಪೆ ಗುಡ್ಡೆಗೆ ಹೋಗಿ ಒರಗಿ, ಕಾಲು ಚಾಚಿ ಕೂತುಕೊಳ್ತು.

"ಕೆಟ್ಟುಹೋಯ್ತಾ?" ಅಂದರು ಯಜಮಾನರು. ಮೇಡಂ ಓಡಿಹೋಗಿ ಲ್ಯಾಪ್‌ಟಾಪು ನೋಡಿ, ಎಲ್ಲ ಸರಿಯಿದೆಯಲ್ಲಾ ಅಂತ ತಲೆ ಕೆರೆದುಕೊಂಡರು. ನನಗೆ ಮಾತ್ರ ಇಸ್ತ್ರಿ ಶರ್ಟೊಳಗೆ ಬೆವರು ಇಳಿಯೋಕೆ ಶುರುವಾಯ್ತು.

ಅರ್ಧ ಗಂಟೆ ಕಳೀತು. ದೂರದಲ್ಲಿ ಮತ್ತೆ ಡಬಡಬ. ರೋಬೋಟು ದಡಕ್ಕನೆ ಎದ್ದು, ಮುಂಚೆಗಿಂತ ಜೋರಾಗಿ ಸುಲಿಯತೊಡಗಿತು. ನಡುವೆ ಒಮ್ಮೆ ಸೊಂಟಕ್ಕೂ ಗುದ್ದಿಕೊಳ್ತು.

ಯಜಮಾನರು ರೋಬೋಟು ನೋಡಿದರು, ಬೈಕು ನೋಡಿದರು, ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು. "ಇದನ್ನೆಲ್ಲ ಇದಕ್ಕೆ ಕಲಿಸಿದೋರು ಯಾರು ಮೇಡಂ?"

ಕೊಟ್ಟ ಮಾತು ಆಗ ನೆನಪಾಯ್ತು ನೋಡಿ ಆ ಯಮ್ಮನಿಗೆ. ನನ್ನ ಕೈ ಹಿಡಿದು ಮುಂದಕ್ಕೆಳೆದು, ಎಲ್ಲರಿಗೂ ಕೇಳೋ ಹಾಗೆ ನನ್ನ ಹೆಸರು, ನಮ್ಮಪ್ಪನ ಹೆಸರು ಎರಡೂ ಹೇಳಿ, "ಪೂರ್ತಿ ಇವರೇ ಸಾರ್. ನಾವು ಒಂದಿಷ್ಟೂ ಹೇಳಿಕೊಟ್ಟಿಲ್ಲ" ಅಂದರು.