ದೂರ ನಿಂತ ಕುರಿ

ಕುಂದಗೋಳ ಕಡೆ ಒಂದು ಹಳ್ಳಿ ಸಾಲ್ಯಾಗ ನಾ ಇಂಗ್ಲಿಷ್ ಕಲಿಸ್ತೀನಿ. ಕಲಿಸಾಕಿ ನಾನು, ಕಲಿಯಾಕಿನೂ ನಾನ. ಹುಡುಗ್ರ ನನಗ ಕಲಿಸೂವಂಥಾವು ಆಗ್ತನ ಇರ್ತಾವು. ಈ ಸಲ ಮಾತ್ರ ನನ್ನ ಬುಡಕ್ಕ ಬಂದಿತ್ತು. ತಪಾಸಣಿಗೆ ಬಂದ ಸಾಹೇಬ್ರು, "ನಿಮ್ಮ ಹುಡುಗ್ರಿಗೆ ಶಿಪ್ ಅಂದ್ರ ಹಡಗ, ಶೀಪ್ ಅಂದ್ರ ಕುರಿ ಅನ್ನೂದ ಗೊತ್ತಿಲ್ಲ. ಮತ್ತ ಬರ್ತೀನಿ. ಆಗೂ ಹಿಂಗ ಇದ್ರ ಇಂಗ್ಲಿಷ್ ತಾಸು ಬ್ಯಾರೆಯವರಿಗೆ" ಅಂದು ಹೋಗಿದ್ರು. ಆ ತಾಸು ಅಂದ್ರ ನನಗ ಪ್ರಾಣ.

೧. ಬಾಜೂಕ ಇದ್ರ

ಮುಂದಿನ ಸಾಲಿನ ಹುಡುಗಿಗೆ ಕುರಿ ಚಿತ್ರ ತೋರಿಸಿದೆ. "ಶಿಪ್ ರೀ" ಅಂದ್ಲು.

"ಅದು ಹಡಗ ಬೇ! ಕುರಿಗೆ ಎಳೀಬೇಕು, ಶೀಽಪ್."

"ಯಾಕ್ರಿ ಅಕ್ಕೋರ? ಇಲ್ಲೇ ಬಾಜೂಕ ಐತಲ್ರಿ. ಅಪ್ಪ ಹೊಲದಾಗಿದ್ರ 'ಯಪ್ಪಾಽಽ' ಅಂತ ಎಳೀತೇವಿ. ಬಾಜೂಕ ಕುಂತ್ರ 'ಯಪ್ಪ', ಅಷ್ಟ."

ಇಡೀ ಕ್ಲಾಸು "ಹೌದ್ರಿ, ಹೌದ್ರಿ" ಅಂತು. ನನಗ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಈ ವಿಚಾರ ಎಲ್ಲಿ ಹುಟ್ಟಿತು ಅಂತ ಕುತೂಹಲ ಹತ್ತಿತು.

೨. ಅಜ್ಜಿ ನ್ಯಾಯ

ಸಂಜಿಗೆ ಆಕಿ ಮನಿಗೆ ಹೋದೆ. ಅಜ್ಜಿ ರೊಟ್ಟಿ ಬಡೀತಿದ್ರು. ಎಲ್ಲಾ ಕೇಳಿ, "ಮೊಮ್ಮಗಳು ಖರೇನ ಹೇಳ್ಯಾಳ್ರಿ. ಕುರಿ ಅಂಗಳದಾಗ ಇದ್ರ ಯಾಕ ಒದರಬೇಕು? ಗಂಟಲೇನು ಪುಗಸಟ್ಟೆ ಬಂದದ?" ಅಂದ್ರು.

"ಇಂಗ್ಲಿಷ್ ಹಂಗಲ್ರಿ ಯವ್ವಾ" ಅಂತ ತಿಳಿಸಿ ಹೇಳೂದ್ರಾಗ ನಾ ಊರಿಗೆ ಹೋಗೂ ಬಸ್ಸು ಹೊಂಟೇ ಬಿಡ್ತು. ಹಿಂದ ಓಡಿದೆ. "ಹೋಲ್ಡಾನ್!" ಅಂದೆ. ಬಸ್ಸು ದೂರಾತು. "ಹೋಽಽಲ್ಡಾಽಽನ್!" ಅಂದೆ.

ಬಾಗಲದಾಗ ನಿಂತ ಅಜ್ಜಿ, "ನೋಡ್ರಿ, ನೀವೂ ಎಳದ್ರಿ!" ಅಂದ್ರು.

೩. ಬಾಗಲದ ತನಕ

ಹೇಳಿದಂಗ ಸಾಹೇಬ್ರು ಬಂದ್ರು. ಸೀದಾ ಆ ಹುಡುಗಿ ಮೂಗಿನ ಮುಂದ ಕುರಿ ಚಿತ್ರ ಹಿಡಿದ್ರು.

"ಶಿಪ್ ರೀ."

ಸಾಹೇಬ್ರು ನನ್ನ ಕಡೆ ತಿರುಗಿದ್ರು. ಹೋತು ನನ್ನ ತಾಸು! ಬಾಯಿ ಮಾತ್ರ ತಾನ ಅಂತು: "ಸರ, ಸ್ವಲ್ಪ ಹಿಂದ ಸರೀರಿ."

ಸರಿದ್ರು. "ಇನ್ನೊಂಚೂರ್ರಿ." ಬಾಗಲದ ತನಕ ಹೋಗಿ ಚಿತ್ರ ಎತ್ತಿದ್ರು.

"ಶೀಽಽಪ್!" ಅಂತ ಇಡೀ ಕ್ಲಾಸು ಸೂರು ಹಾರುವಂಗ ಒದರಿತು.

ಯಾಕ ಅಂತ ಕೇಳಿದ್ರು. ಹುಡುಗಿ ಹೊಲದಾಗಿನ ಅಪ್ಪನ ಸಮೇತ ಎಲ್ಲಾ ಬಿಡಿಸಿ ಹೇಳಿದ್ಲು. ಸಾಹೇಬ್ರು ಹೊಟ್ಟಿ ಹಿಡಕೊಂಡು ನಕ್ಕರು. ಆಮ್ಯಾಲ ತಾವ ಹಡಗದ ಚಿತ್ರ ತಗೊಂಡು ಓಡಿ ಬಂದು ಆಕಿ ಮೂಗಿಗೆ ಹಿಡಿದ್ರು.

"ಶಿಪ್!" ಅಂದ್ಲು ಹುಡುಗಿ.

"ಎಳೀಲಿಕ್ಕೂ ಬರ್ತದ, ಬಿಡ್ಲಿಕ್ಕೂ ಬರ್ತದ. ತಾಸು ನಿಮ್ಮ ಹತ್ರನ ಇರ್ಲಿ ಅಕ್ಕೋರ" ಅಂದ್ರು. ಹೋಗೂವಾಗ ಬಾಗಲದಾಗ ನಿಂತು ಕ್ಲಾಸಿನ ಖೋಲಿ ಒಮ್ಮೆ ಕಣ್ಣಾಗ ಅಳದು ನೋಡಿದ್ರು.

"ಆದ್ರ ಇಂಗ್ಲಿಷಿಗೆ ಈ ಖೋಲಿ ಸಾಲೂದಿಲ್ರಿ. ಹುಡುಗ್ರನ್ನ ಹೊಲಕ್ಕ ಕರಕೊಂಡು ಹೋಗ್ರಿ!"